ಏರುದನಿ

ಗೀಗೀ ಮೇಳದಲ್ಲಿ ಗುರುಸಿದ್ದಪ್ಪ ಮುಂದೆ ನಿಂತು ಹಾಡುತ್ತಿದ್ದ. ತಂಗೆವ್ವ ಅವನ ಬೆನ್ನ ಹಿಂದೆ ನಿಂತು ಹಿಮ್ಮೇಳ ಕೊಡುತ್ತಿದ್ದಳು. ಪದ ಏರುತ್ತಾ ತುದಿಗೆ ಬಂದಾಗ ಅವನು ಕಿವಿಗೆ ಕೈ ಹಚ್ಚಿ ಬಾಯಿ ತೆರೆಯುತ್ತಿದ್ದ. ಬಯಲು ತುಂಬುವಂಥ ದನಿ ಏಳುತ್ತಿತ್ತು, ಜನ ಶಿಳ್ಳೆ ಹೊಡೆಯುತ್ತಿದ್ದರು. ಮೊದಲ ಕ್ಯಾಸೆಟ್ಟಿನ ಮೇಲೆ ‘ಏರುದನಿಯ ಹುಲಿ ಗುರುಸಿದ್ದಪ್ಪ’ ಎಂದು ಅಚ್ಚಾಯಿತು. ತಂಗೆವ್ವನ ಹೆಸರೇ ಇರಲಿಲ್ಲ. ಅವಳು ಅದನ್ನು ಮರೆಯಲಿಲ್ಲ.

ಇಬ್ಬರ ತಲೆಯೂ ನರೆತ ಮೇಲೆ ಅವನ ಫೋನ್ ಬಂತು.

“ತಂಗೆವ್ವಾ, ಹಳೇ ಪದಾ ಮತ್ತ ರೆಕಾರ್ಡ್ ಮಾಡಾಕತ್ತೀವಿ. ನೀ ಬರೂದು ಬ್ಯಾಡ. ಮೊಮ್ಮಗಳ ಫೋನಿನಾಗ ಹಾಡಿ ಕಳಸು, ಸ್ಟುಡಿಯೋದವ್ರು ಜೋಡಸ್ತಾರ.”

“ಕೂಡೇ ಕುಂತು ಹಾಡಿದ್ರ ಚಲೋ ಅಣ್ಣಾ.”

“ಹಿಂದ ನಿಂತು ಗೀ ಗೀ ಅನ್ನಾಕ ಬಸ್ ಹತ್ತಿ ಬರಬೇಕೇನ?” ಅವನು ನಕ್ಕ.

“ಈ ಸಲನಾರ ನನ್ನ ಹೆಸರು ಹಾಕಸ್ತೀಯಿಲ್ಲೋ?”

“ಹಿಮ್ಮೇಳದವರ ಹೆಸರು ಯಾರ ಓದ್ತಾರ, ಹುಚ್ಚಿ!”

“ಆತು ಬಿಡು. ಹಿಮ್ಮೇಳದಷ್ಟ ಹಾಡಿ ಕಳಸ್ತೀನಿ.”

ಹಾಗೆಯೇ ಕಳಿಸಿದಳು. ಅವನು ಸ್ಟುಡಿಯೋಕ್ಕೆ ಹೋದ ದಿನ ಮಧ್ಯಾಹ್ನವೇ ಮತ್ತೆ ಫೋನ್ ಬಂತು. ಈಗ ಅವನ ಮಾತು ಪಿಸುಗುಟ್ಟಿದಂತಿತ್ತು.

“ತಂಗೆವ್ವಾ, ತುದೀ ಸಾಲು ಬಂದ ಕೂಡ್ಲೆ ಎಲ್ಲಾ ಸುಮ್ಮ ಆಗತೈತಿ. ಇಲ್ಲಿ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. ಅದೊಂದು ಸಾಲು ಹಾಡಿ ಕಳಸವ್ವಾ, ಕೈ ಮುಗೀತೀನಿ.”

ತಂಗೆವ್ವ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದು ಸಾವಕಾಶ ಹೇಳಿದಳು:

“ಏರುದನಿಯ ಹುಲಿ ನೀನಲ್ಲೇನಣ್ಣಾ? ಕಿವಿಗೆ ಕೈ ಹಚ್ಚಿ ಬಾಯಿ ತೆರಿ. ಬರತೈತಿ.”