ಪಕ್ಕದ ಮನೆಯ ಕೆಂಡ

ಲೋಬಾನದ ವಾಸನೆ ಬಂದಾಗಲೆಲ್ಲ ಸಗರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಎಷ್ಟು ನಿಜವೋ, ನನಗೇ ಅನುಮಾನ.

ಪಡಸಾಲೆಗೆ ನುಗ್ಗಿದ ಬಾವಲಿಯೊಂದು ಸುತ್ತಿ ಸುತ್ತಿ, ತಂಗಿ ಮಲಗಿದ್ದ ತೊಟ್ಟಿಲಿನ ಹಗ್ಗಕ್ಕೆ ಜೋತುಬಿತ್ತು. ಅಜ್ಜಿ ನನ್ನನ್ನು ಪಕ್ಕದ ಮನೆಗೆ ಓಡಿಸಿ, ಕೆಂಡ ತರಿಸಿ, ಲೋಬಾನ ಹಾಕಿದಳು. ಬಾವಲಿ ಅಲುಗಲಿಲ್ಲ, ಕೂಸು ಕೆಮ್ಮತೊಡಗಿತು.

"ಅತ್ತಿ, ಹೊಗಿ ಸಾಕ್ರಿ, ಕೂಸಿಗೆ ಉಸರು ಕಟ್ಟಾಕತ್ತೈತಿ," ಎಂದಳು ಅವ್ವ.

"ನೀ ಮುಟ್ಟಿಗಿಟ್ಟೀ! ಬಾವಲಿ ಮುಟ್ಟಿದಾಕಿ ಹದಿನೈದು ದಿನ ಕೂಸಿಗೆ ಮಲಿ ಕೊಡಬಾರ್ದು."

ಬಾವಲಿ ಹಗ್ಗ ಹಿಡಿದು ಕೂಸಿನ ಮುಖದತ್ತ ತೆವಳಿತು. ಅವ್ವ ಟವೆಲಿನಲ್ಲಿ ಅದನ್ನು ಬಾಚಿ ಹಿಡಿದು ಅಂಗಳಕ್ಕೆ ಓಡಿದಳು. ಮರಳಿದಾಗ ಅವಳ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು.

"ಕಚ್ಚೇತೇನು?" ಅಜ್ಜಿ ಕೇಳಿದಳು.

"ಇಲ್ರಿ. ಮುಂಜಾನಿ ರೊಟ್ಟಿ ಹಂಚು ತಾಗಿ ಸುಟ್ಟಿತ್ತು," ಎನ್ನುತ್ತ ಅವ್ವ ಕೂಸನ್ನು ಎದೆಗೆ ಹಾಕಿಕೊಂಡಳು.

ಮರುದಿನ ಬಳೆ ತೊಟ್ಟು ಬರುತ್ತೇನೆಂದು ಶಹಾಪುರಕ್ಕೆ ಹೋದವಳು, ಬಳೆಯಿಲ್ಲದೆ, ಸೂಜಿ ಚುಚ್ಚಿಸಿಕೊಂಡವರ ಹಾಗೆ ತೋಳು ತಿಕ್ಕಿಕೊಳ್ಳುತ್ತ ಬಂದಳು.

ಈಗಲೂ ಕೇಳಿದರೆ "ಹಂಚೋ ತಮ್ಮಾ" ಎನ್ನುತ್ತಾಳೆ. ನನ್ನ ನೆನಪನ್ನು ನಾನು ನಂಬುವವನಲ್ಲ. ಆದರೆ ಅವತ್ತು ಮುಂಜಾನೆಯಿಂದ ನಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಅದಕ್ಕೇ ಅಲ್ಲವೇ, ನಾನು ಕೆಂಡಕ್ಕೆ ಓಡಿದ್ದು?