ಗುರುವಾರದ ನೀರು

ಹದಿನೆಂಟು ವರ್ಷಗಳ ಹಿಂದೆ, ಪಡಸಾಲೆಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳಗಳನ್ನು ಮುಚ್ಚುತ್ತಿದ್ದ ಹಸಿರು ಪಾಚಿಯನ್ನು ಗೋವರ್ಧನರಾಯರು ಮೂರೇ ತಿಂಗಳಲ್ಲಿ ಸೋಲಿಸಿದ್ದರು. ಮೀನುಗಳ ಆಹಾರವನ್ನು ಅರ್ಧಕ್ಕಿಳಿಸಿ, ದೀಪದ ಹೊತ್ತನ್ನು ಕಡಿಮೆ ಮಾಡಿ ಗೆದ್ದ ಆ ಕಥೆಯನ್ನು ಮನೆಗೆ ಬಂದವರೆಲ್ಲ ಕೇಳಿದ್ದರು. ಈಗ ಪಾಚಿ ಮರಳಿತ್ತು. ರಾಯರು ಅದೇ ಉಪಾಯಗಳನ್ನು ಹೂಡಿದರೂ ಹವಳಗಳು ಒಂದೊಂದಾಗಿ ಸಾಯುತ್ತಿದ್ದವು.

ಮೊಮ್ಮಗಳು ನೀರನ್ನು ಪರೀಕ್ಷಿಸಿದಳು. "ಪಾಚಿಗೆ ಗೊಬ್ಬರವಾಗೋ ನೈಟ್ರೇಟ್ ವಿಪರೀತ ಏರಿದೆ, ತಾತ. ನೀರು ಬದಲಾಯಿಸ್ತಾ ಇರ್ಲಿಲ್ವಾ?"

"ಅದೆಲ್ಲ ಕಲಿಯುವವರಿಗೆ ಕಣಮ್ಮ. ಹದಿನೆಂಟು ವರ್ಷದಲ್ಲಿ ಒಂದು ಚೊಂಬು ನೀರನ್ನೂ ಬದಲಾಯಿಸಿದವನಲ್ಲ ನಾನು."

"ಪಾಚಿ ಯಾವಾಗಿಂದ?"

"ನಿಮ್ಮಜ್ಜಿ ಸೊಂಟ ಮುರಿದುಕೊಂಡು ಮಲಗಿದಳಲ್ಲ, ಆಮೇಲೆ. ಅವಳ ಉಪಚಾರದಲ್ಲಿ ನನ್ನ ಗಮನ ತಪ್ಪಿತು."

ಒಳಕೋಣೆಯ ಮಂಚದಿಂದ ದನಿ ಬಂತು. "ಬಕೆಟ್ಟು, ಸಮುದ್ರದುಪ್ಪು ಎಲ್ಲ ಬಚ್ಚಲಲ್ಲೇ ಇದೆ ಪುಟ್ಟಿ. ಆಗ ಪಾಚಿ ಬಂದಾಗಿನಿಂದ ಪ್ರತಿ ಗುರುವಾರ ಇವರು ಕ್ಲಬ್ಬಿಗೆ ಹೋದಮೇಲೆ ಎರಡೆರಡು ಬಕೆಟ್ ಬದಲಾಯಿಸ್ತಿದ್ದೆ."

ರಾಯರು ಬಾಗಿಲಲ್ಲೇ ನಿಂತರು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನೀನು."

"ನೀವು ಕಥೆ ಹೇಳ್ತಿದ್ರಲ್ಲ."

ಮೊಮ್ಮಗಳು ತಾತನನ್ನು ದಾಟಿ ಹೋಗಿ ಮಂಚದಂಚಿನಲ್ಲಿ ಕುಳಿತಳು.

"ಅಜ್ಜಿ, ಪಾಚಿಯನ್ನು ಗೆದ್ದ ಕಥೆ ಇನ್ನೊಂದ್ಸಲ ಆಗಲಿ. ಈ ಸಲ ನೀನು ಹೇಳು."