ಮೇಷ್ಟ್ರ ಟೆಸ್ಟರ್

ತಂತಿಯನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಸ್ಲಾವಿತ್ಸಾಳ ಬೆರಳು ನಿಂತುಬಿಟ್ಟಿತು. ಟೆಸ್ಟರಿನ ದೀಪ ಉರಿದಿರಲಿಲ್ಲ, ಅಂದರೆ ಕರೆಂಟಿಲ್ಲ. ಆದರೂ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಏನಮ್ಮಾ, ಪಾದ್ರಿ ಬಂದು ಹರಸ್ಬೇಕಾ?" ನೀಶ್ ಊರಿನ ಎಲೆಕ್ಟ್ರಿಷಿಯನ್ ತರಬೇತಿ ಶಾಲೆಯ ರಾಡಿಸಾವ್ ಮೇಷ್ಟ್ರು ನಕ್ಕರು. "ಮೂವತ್ತು ವರ್ಷದಲ್ಲಿ ನನ್ನ ಟೆಸ್ಟರ್ ಒಂದು ಸುಳ್ಳೂ ಹೇಳಿಲ್ಲ. ಸರಿ, ನಾನೇ ಮುಟ್ತೀನಿ ನೋಡು."

"ತಾಳಿ ಮೇಷ್ಟ್ರೇ! ಮೊದಲು ಕರೆಂಟಿರೋ ಕಡೆ ಟೆಸ್ಟರ್ ಇಟ್ಟು ನೋಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ನಾನು ನೋಡೇ ಇಲ್ಲ."

ಮೂಲೆಯ ಕರೆಂಟ್ ಒಲೆಯ ಮೇಲೆ ಮೇಷ್ಟ್ರ ಕಾಫಿ ಕುದಿಯುತ್ತಿತ್ತು. ಒಲೆಯ ಪ್ಲಗ್ ಕಿತ್ತು, ಅದೇ ತೂತುಗಳಿಗೆ ಅವಳು ಟೆಸ್ಟರಿನ ಎರಡೂ ಮೊನೆ ತುರುಕಿದಳು. ದೀಪ ಉರಿಯಲಿಲ್ಲ. ಮತ್ತೆ ಪ್ಲಗ್ ಹಾಕಿದಳು. ಒಲೆ ಮತ್ತೆ ಕೆಂಪಗೆ ಕಾದು, ಕಾಫಿ ಉಕ್ಕಿ ಚೆಲ್ಲಿತು.

ತಂತಿಯತ್ತ ಚಾಚಿದ್ದ ಕೈಯನ್ನು ಮೇಷ್ಟ್ರು ಮೆಲ್ಲಗೆ ಹಿಂದೆಗೆದು, ಜೇಬಿನೊಳಗೆ ಬಚ್ಚಿಟ್ಟುಕೊಂಡರು.